ಆಸನದ ಅಡಿಬರಹ

ಹಾನಗಲ್ಲಿನ ಹಳೆಯ ಊರಿನೊಳಗೆ, ತಾರಕೇಶ್ವರ ದೇವಾಲಯದಿಂದ ಬಹಳ ದೂರವಲ್ಲದ ಒಂದು ಓಣಿಯಲ್ಲಿ, ವೃದ್ಧ ಬಡಗಿಯೊಬ್ಬರ ಮನೆಯ ಪಡಸಾಲೆಯ ಮೇಲೆ, ಕಳೆದ ಕಾರ್ತಿಕದ ಒಂದು ಮಧ್ಯಾಹ್ನ, ಸವಣೂರಿನ ಯಾವುದೋ ವಾಡೆಯಿಂದ ದುರಸ್ತಿಗೆಂದು ಬಂದಿದ್ದ ಕುರ್ಚಿಯೊಂದನ್ನು ಬೋರಲು ಹಾಕಿಟ್ಟಿದ್ದುದನ್ನು ಕಂಡು ನಾನು ನಿಂತುಬಿಟ್ಟೆನು. ಸಾಗವಾನಿಯ ಕುರ್ಚಿ, ಬೆತ್ತದ ಹೆಣಿಗೆ ಹರಿದು ಜೋಲುತ್ತಿದ್ದಿತು, ಕೈಗಳ ತುದಿಯಲ್ಲಿ ಕೆತ್ತಿದ್ದ ಎಲೆಯ ಸುರುಳಿ ಹಲವು ತಲೆಮಾರುಗಳ ಅಂಗೈಗಳಿಂದ ಸವೆದು, ಎಲೆಯೋ ಅಲೆಯೋ ತಿಳಿಯದಷ್ಟು ನುಣುಪಾಗಿದ್ದಿತು. ಮೇಲ್ಭಾಗವೆಲ್ಲ ಎಣ್ಣೆಗಪ್ಪಿನಿಂದ ಮಿರುಗುತ್ತಿದ್ದರೆ, ಹಗಲ ಬೆಳಕನ್ನೇ ಕಂಡಿರದ ಕೆಳಭಾಗವು ನಿನ್ನೆ ಮೊನ್ನೆ ಕೀಸಿದಂತೆ ಹೊಂಬಣ್ಣದ್ದಾಗಿಯೇ ಉಳಿದಿದ್ದಿತು. ಅಲ್ಲಿ, ಮುಂಗಾಲು ಚೌಕಟ್ಟನ್ನು ಸೇರುವ ಸಂಧಿಯಲ್ಲಿ, ಉಳಿಯ ಮೊನೆಯಿಂದ ಗೀರಿದ ಎರಡು ಸಣ್ಣ ಗೆರೆಗಳಿದ್ದುವು. ಎದುರು ಸಂಧಿಯಲ್ಲಿ ಮೂರು. ಇಂತಹ ಕಾಲು ಇಂತಹ ಸಂಧಿಗೇ ಕೂಡಬೇಕೆಂದು ಮಾಡಿದವನು ತನಗಾಗಿ ಇಟ್ಟುಕೊಂಡ ಗುರುತು.

“ಏನ ನೋಡಾಕತ್ತೀರಿ ಸರ? ಮ್ಯಾಲಿನ ಮೈ ಕೂಡವ್ರಿಗ್ರೀ, ಕೆಳಗಿನ ಮೈ ಮಾಡವ್ರಿಗೆ,” ಎಂದರು ಅಜ್ಜ, ಮರವಜ್ರದ ಡಬ್ಬಿಯನ್ನು ಒಲೆಯ ಮೇಲಿಡುತ್ತ.

ಆ ಮಾತು ನನ್ನನ್ನು ಬಹುದಿನ ಬಿಡಲಿಲ್ಲ. ಏಕೆಂದರೆ ಇದೇ ಮಾತನ್ನು, ಹೆಚ್ಚು ಉದ್ದವಾದ ವಾಕ್ಯಗಳಲ್ಲಿ, ಫ್ರಾನ್ಸ್ ದೇಶದ ವಸ್ತುಸಂಗ್ರಹಾಲಯಗಳ ವಿದ್ವಾಂಸರು ಒಂದು ಶಾಸ್ತ್ರವನ್ನಾಗಿ ಬೆಳೆಸಿರುವರು. ಫ್ರೆಂಚ್ ಅರಸರ ಕುರ್ಚಿಗಳನ್ನು ಅವರು ಮೊದಲು ನೋಡುವುದು ಬೋರಲು ಹಾಕಿ. ಮೇಲಿನ ಬಂಗಾರವೂ ಪಟ್ಟೆಯೂ ಹಲವು ಸಲ ಬದಲಾಗಿರಬಹುದು. ಕೆಳಗಿನ ಮರ ಮಾತ್ರ ಸುಳ್ಳು ಹೇಳುವುದು ಕಷ್ಟ. ಅಲ್ಲಿ ಬಡಗಿಯ ಹೆಸರಿನ ಮುದ್ರೆ ಒತ್ತಿರುತ್ತದೆ, ಅರಮನೆಯ ಗುರುತು ಸುಟ್ಟಿರುತ್ತದೆ, ಉಗ್ರಾಣದ ಕಾರಕೂನನು ಕುಂಚದಿಂದ ಬರೆದ ಸಂಖ್ಯೆಯಿರುತ್ತದೆ. ಆ ಮೂರನ್ನೂ ಓದಿ, ಒಂದು ಆಸನವು ಯಾವ ವರ್ಷ, ಯಾರ ಕೈಯಲ್ಲಿ, ಯಾವ ರಾಣಿಯ ಯಾವ ಕೋಣೆಗೆಂದು ಸಿದ್ಧವಾಯಿತೆಂಬುದನ್ನು ಅವರು ಹೇಳಬಲ್ಲರು. ಸವಣೂರಿನ ಕುರ್ಚಿಯ ಕುರಿತು ನಮಗೆ ಹೇಳಲಿಕ್ಕಿದ್ದುದೋ ಎರಡು ಗೆರೆ ಮತ್ತು ಮೂರು ಗೆರೆ.

ನಮ್ಮ ಕಡೆಯವರಿಗೆ ಆಸನವೆಂದರೆ ಮೂಲತಃ ಕಾಲುಗಳುಳ್ಳ ವಸ್ತುವೇ ಅಲ್ಲ. ಕಂಬಳಿ, ಚಾಪೆ, ಜಮಖಾನೆ, ಊಟಕ್ಕೆ ಮಣೆ, ದೊಡ್ಡವರಿಗೆ ಗಾದಿ, ಒರಗಲು ಲೋಡು: ಇವೆಲ್ಲ ನೆಲದ ಸಂಬಂಧವನ್ನು ಬಿಡದ ಆಸನಗಳು. ಅಧಿಕಾರವನ್ನು ಹೇಳುವ ನಮ್ಮ ಮಾತುಗಳೂ ಅಲ್ಲಿಂದಲೇ ಹುಟ್ಟಿದುವು. ಅರಸನು ಗದ್ದುಗೆ ಏರುತ್ತಾನೆ, ನವಾಬನು ಗಾದಿಗೆ ಬರುತ್ತಾನೆ, ಸ್ವಾಮಿಗಳು ಪೀಠಸ್ಥರಾಗುತ್ತಾರೆ. ‘ಕುರ್ಚಿ’ ಎಂಬ ಮಾತೇ ಅರಬ್ಬಿಯ ‘ಕುರ್ಸಿ’ಯಿಂದ ಬಂದ ಅತಿಥಿ. ಮತ್ತೊಂದು ವಿಶೇಷವನ್ನು ಗಮನಿಸಬೇಕು: ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ಎಂಬ ಈ ನಾಲ್ಕು ತಾಲೂಕುಗಳ ಮಣ್ಣಿನಲ್ಲಿ ಜನರ ನೆನಪು ಆಸನವನ್ನು ಏರಿದವರಿಗಿಂತ ಇಳಿದವರನ್ನೇ ಹೆಚ್ಚು ಆದರದಿಂದ ಉಳಿಸಿಕೊಂಡಿದೆ. ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಗಂಗರ ದೊರೆ ಮಾರಸಿಂಹನು ಸಿಂಹಾಸನವನ್ನು ತ್ಯಜಿಸಿ ಬಂದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡು ದೇಹವಿಟ್ಟನೆಂದು ಶ್ರವಣಬೆಳಗೊಳದ ಶಾಸನವು ಸಾರುತ್ತದೆ; ಅದು 10ನೆಯ ಶತಮಾನದ ಎಂಟನೆಯ ದಶಕದ ಮಾತು. ಹಿರೇಕೆರೂರಿನ ಗಡಿಯನ್ನು ದಾಟಿದರೆ ಬಳ್ಳಿಗಾವಿ, ಅಲ್ಲಮನ ಊರು. ಅವನ ಹೆಸರಿನೊಡನೆ ಬೆಸೆದುಕೊಂಡದ್ದು ಶೂನ್ಯಸಿಂಹಾಸನ. ಶಿಶುನಾಳದಲ್ಲಿ ಷರೀಫರ ಗದ್ದುಗೆಗೆ ಎರಡು ಮತದವರೂ ತಲೆಬಾಗುತ್ತಾರೆ. ಆ ಗದ್ದುಗೆಯ ಮೇಲೆ ಕೂಡುವವರು ಯಾರೂ ಇಲ್ಲ.

ಇಂತಹ ನೆಲಕ್ಕೆ ಫ್ರಾನ್ಸಿನ ಕುರ್ಚಿಯ ಮಾತೇಕೆಂದು ಓದುಗರು ಕೇಳಬಹುದು. ಫ್ರಾನ್ಸು ತಾನೇ ಸವಣೂರಿನ ಕೋಟೆಯ ಬಾಗಿಲಿಗೆ ಒಮ್ಮೆ ಬಂದಿದ್ದಿತು. 1756ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನು ಸವಣೂರನ್ನು ಮುತ್ತಿದಾಗ, ಕೋಟೆಯೊಳಗೆ ನವಾಬ ಅಬ್ದುಲ್ ಹಕೀಮ್ ಖಾನನೂ ಅವನ ಪಕ್ಷದ ಮುರಾರಿರಾವ್ ಘೋರ್ಪಡೆಯೂ ಇದ್ದರು. ಹೊರಗೆ ಮರಾಠರೊಡನೆ ಹೈದರಾಬಾದಿನ ನಿಜಾಮ ಸಲಾಬತ್ ಜಂಗನು ಬಂದು ಕೂಡಿದನು, ಅವನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ಬುಸ್ಸಿಯು ತನ್ನ ತೋಪುಗಳೊಡನೆ ಜತೆಗಿದ್ದನು. ಆ ತೋಪುಗಳ ಮುಂದೆ ನವಾಬನು ಸಂಧಿಗೆ ಒಪ್ಪಬೇಕಾಯಿತು. ವಿಧಿಯ ವಿಲಾಸವೆಂದರೆ, ಸಂಧಿಯಾದ ಕೆಲವೇ ದಿನಗಳಲ್ಲಿ ಅದೇ ಸವಣೂರಿನ ಬಯಲಿನಲ್ಲಿ ನಿಜಾಮನ ಮಂತ್ರಿಯ ತಂತ್ರದಿಂದ ಬುಸ್ಸಿಯು ತನ್ನ ಅಧಿಕಾರವನ್ನು ಕಳೆದುಕೊಂಡು ಹೈದರಾಬಾದಿನತ್ತ ದಂಡನ್ನು ತಿರುಗಿಸಿದನು.

ಆ ಬುಸ್ಸಿಯ ಅರಸನಾದ ಹದಿನೈದನೆಯ ಲೂಯಿಯು ಅದೇ ವರ್ಷ ವರ್ಸಾಯಿಯಲ್ಲಿ ಕುಳಿತಿದ್ದ ಆಸನಗಳು ಎಂತಹವು? ಯುರೋಪಿನಲ್ಲಿ ಕುರ್ಚಿಯ ಕಲೆಯು ತನ್ನ ತುತ್ತತುದಿಯನ್ನು ಮುಟ್ಟಿದ್ದುದು ಆ ಕಾಲದಲ್ಲಿಯೇ. ಪ್ಯಾರಿಸ್ಸಿನಲ್ಲಿ ಅಂದು ಎರಡು ಬಗೆಯ ಬಡಗಿಗಳು. ಬೀರು ಮೇಜುಗಳ ಮೇಲೆ ಬಣ್ಣಬಣ್ಣದ ಮರದ ತೆಳು ಹಾಳೆಗಳನ್ನು ಅಂಟಿಸಿ ಚಿತ್ರ ಬರೆಯುವವನು ಎಬೆನಿಸ್ತ್. ಗಟ್ಟಿ ಮರವನ್ನು ಕಡಿದು, ಬಾಗಿಸದೆ ಬಾಗಿದಂತೆ ಕಾಣುವ ಹಾಗೆ ಕೊರೆದು, ಸಂಧಿಗೆ ಸಂಧಿ ಕೂಡಿಸುವವನು ಮೆನ್ಯುಯಿಸಿಯೆ. ಕುರ್ಚಿಯು ಈ ಎರಡನೆಯವನದು. ಬಂಗಾರ ಲೇಪಿಸುವ ಆಸನಕ್ಕೆ ಅವನು ಬೀಚ್ ಮರವನ್ನೂ, ಮರದ ಬಣ್ಣವೇ ಕಾಣಬೇಕಾದಲ್ಲಿ ಅಕ್ರೋಟಿನ ಮರವನ್ನೂ ಆರಿಸುತ್ತಿದ್ದನು. ಜಿಂಕೆಯ ಕಾಲಿನಂತೆ ಮೇಲೆ ಉಬ್ಬಿ, ನಡುವೆ ಒಳಸೇರಿ, ಪಾದದಲ್ಲಿ ಮತ್ತೆ ಹೊರಚಾಚುವ ಆ ಕಾಲನ್ನು ಒಂದೇ ದಪ್ಪ ತುಂಡಿನಿಂದ ಕಡೆದು ತೆಗೆಯಬೇಕು. ಮರದ ಎಳೆಯು ಎಲ್ಲಿಯೋ ಅಡ್ಡ ಬಂದಿತೆಂದರೆ ಕೂತವನ ಭಾರಕ್ಕೆ ಅಲ್ಲಿಯೇ ಸೀಳುತ್ತದೆ. ಕಾಲಿನ ರಂಧ್ರದೊಳಕ್ಕೆ ಚೌಕಟ್ಟಿನ ನಾಲಗೆಯನ್ನು ಕೂಡಿಸಿ, ಅಡ್ಡಲಾಗಿ ಮರದ ಗೂಟ ಬಡಿದರೆ ಮುಗಿಯಿತು. ಕಬ್ಬಿಣದ ಮೊಳೆಗೆ ಅಲ್ಲಿ ಸ್ಥಾನವಿಲ್ಲ. ಇದನ್ನು ನಾನು ಹಾನಗಲ್ಲಿನ ಅಜ್ಜನಿಗೆ ಹೇಳಿದಾಗ, ಅದರಲ್ಲೇನೂ ಹೊಸದಿಲ್ಲವೆಂಬಂತೆ ತಮ್ಮ ಮನೆಯ ತಲೆಬಾಗಿಲಿನ ಚೌಕಟ್ಟನ್ನು ತೋರಿಸಿದರು. ಅಲ್ಲಿಯೂ ಮರದ ಗೂಟವೇ ಇದ್ದಿತು.

ಆದರೆ ಪ್ಯಾರಿಸ್ಸಿನ ಬಡಗಿಯ ಕೆಲಸವು ಅಲ್ಲಿಗೆ ನಿಲ್ಲಬೇಕು. ಹೂ ಬಳ್ಳಿಗಳನ್ನು ಕೆತ್ತುವವನು ಬೇರೆ, ಬಂಗಾರ ಹಚ್ಚುವವನು ಬೇರೆ, ಕುದುರೆಯ ಕೂದಲನ್ನು ತುಂಬಿ ಪಟ್ಟೆಯನ್ನು ಹೊದಿಸುವವನು ಬೇರೆ. ಕಸುಬಿನ ಸಂಘಗಳಾದ ಶ್ರೇಣಿಗಳ ನಿಯಮವು ಒಬ್ಬನ ಕಸುಬಿನಲ್ಲಿ ಮತ್ತೊಬ್ಬನು ಕೈಹಾಕದಂತೆ ಕಾವಲಿದ್ದಿತು. ಬಂಗಾರದ ಕೆಲಸವನ್ನು ಕುರಿತು ಎರಡು ಮಾತು ಹೆಚ್ಚಾಗಿ ಹೇಳಬೇಕೆನಿಸುತ್ತದೆ. ಕೆತ್ತನೆಯಾದ ಮರದ ಮೇಲೆ ಸೀಮೆಸುಣ್ಣದ ನುಣ್ಣನೆಯ ಹಿಟ್ಟನ್ನು ಚರ್ಮದಿಂದ ಬೇಯಿಸಿ ತೆಗೆದ ಅಂಟಿನಲ್ಲಿ ಕಲಸಿ, ಒಂದರ ಮೇಲೊಂದು ಹತ್ತು ಹನ್ನೆರಡು ಪದರ ಬಳಿಯುತ್ತಾರೆ. ಆ ಬಳಿತದಿಂದ ಕೆತ್ತನೆಯ ಚೂಪೆಲ್ಲ ಮುಚ್ಚಿಹೋಗುತ್ತದೆಯಾದ್ದರಿಂದ, ಒಣಗಿದ ಮೇಲೆ ಕೊಕ್ಕೆಯಂತಹ ಸಣ್ಣ ಉಳಿಗಳಿಂದ ಎಲೆಯ ಪ್ರತಿಯೊಂದು ನರವನ್ನೂ ಎರಡನೆಯ ಬಾರಿ ಕೆತ್ತಬೇಕು. ಕುರ್ಚಿಯ ಜೀವವಿರುವುದು ಈ ಎರಡನೆಯ ಕೆತ್ತನೆಯಲ್ಲಿ. ಅನಂತರ ಕಾವಿಯಂತಹ ಕೆಂಪು ಜೇಡಿಯ ಲೇಪ. ಅದರ ಮೇಲೆ ನೀರು ಸವರಿ, ಉಸಿರಿಗೇ ಹಾರುವಷ್ಟು ತೆಳುವಾದ ಚಿನ್ನದ ರೇಕು. ಕೊನೆಗೆ ಅಕೀಕಿನ ಕಲ್ಲಿನಿಂದ ಉಜ್ಜಿ, ಉಬ್ಬಿದ ಕಡೆ ಹೊಳಪನ್ನೂ ತಗ್ಗಿದ ಕಡೆ ಮಬ್ಬನ್ನೂ ಬರಿಸಬೇಕು. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ದೇವತೆಯ ಕಿರೀಟಕ್ಕೂ ಸೀರೆಯ ಅಂಚಿಗೂ ಉಬ್ಬು ಲೇಪವನ್ನು ಕೊಟ್ಟು ಚಿನ್ನದ ರೇಕನ್ನು ಕೂಡಿಸುವುದನ್ನು ಕಂಡವರಿಗೆ ಈ ವಿದ್ಯೆಯ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಹೊದಿಕೆಯೂ ಅಷ್ಟೇ ವಿಚಾರದ್ದು. ಲಿಯೋಂ ನಗರದ ಪಟ್ಟೆ, ಬೋವೆಯ ಚಿತ್ರಗಂಬಳಿ, ಬೇಸಗೆಗೊಂದು, ಚಳಿಗಾಲಕ್ಕೊಂದು. ಋತು ಬದಲಾದಾಗ ಮೊಳೆ ಕಿತ್ತು ಬಂಗಾರವನ್ನು ಗಾಯಗೊಳಿಸಬಾರದೆಂದು, ಬೆನ್ನಿನ ಮತ್ತು ಕೂಡುವ ಭಾಗದ ಹೊದಿಕೆಗಳನ್ನು ಬೇರೆ ಚೌಕಟ್ಟಿಗೆ ಬಿಗಿದು, ಕಿಟಕಿಯ ಹಲಗೆಯಂತೆ ತೆಗೆದು ಹಾಕುವ ಉಪಾಯವನ್ನು ಅವರು ಕಂಡುಕೊಂಡಿದ್ದರು. ಗೋಡೆಗೆ ಒರಗಿಸಿ ಅಲಂಕಾರಕ್ಕಾಗಿ ಇಡುವ ಕುರ್ಚಿಯ ಬೆನ್ನು ಚಪ್ಪಟೆ. ಮಾತಿಗೆ ಕೂಡುವವರು ನಡುಮನೆಗೆ ಎಳೆದುಕೊಳ್ಳುವ ಕುರ್ಚಿಯ ಬೆನ್ನು ಒಳಬಾಗು. ಹೆಂಗಸರ ಲಂಗದ ಘೇರು ಅಗಲವಾದಂತೆ ಕುರ್ಚಿಯ ಕೈಗಳನ್ನು ಹೊರುವ ಗಿಡ್ಡ ಕಂಬಗಳು ಹಿಂದಕ್ಕೆ ಸರಿದುವು. ಹೀಗೆ ದೇಹವನ್ನು ಕುರಿತು ಇಷ್ಟೊಂದು ಚಿಂತಿಸಿದ ಆಸನಗಳು ಅದೇ ಅರಮನೆಯಲ್ಲಿ ಬಹುಮಂದಿಗೆ ನಿಷಿದ್ಧವಾಗಿದ್ದುವು. ಅರಸ ಅರಸಿಯರ ಸಮ್ಮುಖದಲ್ಲಿ ಕೈಗಳುಳ್ಳ ಕುರ್ಚಿ ಅವರಿಗೆ ಮಾತ್ರ, ಡ್ಯೂಕರ ಪತ್ನಿಯರಿಗೆ ಬೆನ್ನಿಲ್ಲದ ಒಂದು ಮಡಚು ಪೀಠದ ಮರ್ಯಾದೆ, ಉಳಿದವರು ನಿಂತಿರಬೇಕು. ನಮ್ಮ ಹಳ್ಳಿಗಳಲ್ಲಿ ಗೌಡರ ಕಟ್ಟೆಯ ಮೇಲೆ ಯಾರು ಕೂಡಬೇಕು, ಯಾರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂಡಬೇಕು ಎಂಬ ಕ್ರೂರವಾದ ಕಟ್ಟಳೆಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ; ನೋವು ಮಾತ್ರ ಒಂದೇ.

ಈಗ ನನ್ನ ಮುಖ್ಯ ಮಾತಿಗೆ ಬರುವೆನು. ಒಂದು ಕುರ್ಚಿಗೆ ನಾಲ್ವರು ಕುಶಲಿಗಳಾದ ಕಾರಣ ನಾಲ್ಕು ಲೆಕ್ಕಪಟ್ಟಿಗಳು ಅರಮನೆಗೆ ಬರುತ್ತಿದ್ದುವು. ಕೆತ್ತಿದವನು ಇಷ್ಟು ಹೂ ಕೆತ್ತಿದೆನೆಂದೂ, ಬಂಗಾರದವನು ಇಷ್ಟು ಪದರ ಬಳಿದೆನೆಂದೂ ಬರೆದು ಹಣ ಕೇಳುವನು. ಅರಮನೆಯ ಉಗ್ರಾಣವಾದ ಗಾರ್ದ್-ಮ್ಯೂಬ್ಲ್ ಎಂಬ ಇಲಾಖೆಯನ್ನು 1663ರಲ್ಲಿ ಮಂತ್ರಿ ಕೊಲ್ಬೇರನು ಸುವ್ಯವಸ್ಥೆಗೊಳಿಸಿದ ಮೇಲೆ, ಬಂದ ಪ್ರತಿಯೊಂದು ವಸ್ತುವನ್ನೂ ದಿನಚರಿಯಲ್ಲಿ ದಾಖಲಿಸಿ, ಸಂಖ್ಯೆ ಕೊಟ್ಟು, ಎತ್ತರ ಅಗಲಗಳನ್ನು ಅಡಿ, ಅಂಗುಲ, ಅಂಗುಲದ ಹನ್ನೆರಡನೆಯ ಭಾಗಗಳಲ್ಲಿ ಅಳೆದು ಬರೆಯತೊಡಗಿದರು. 1743ರಲ್ಲಿ ರೂಪುಗೊಂಡು 1751ರಲ್ಲಿ ಜಾರಿಗೆ ಬಂದ ಬಡಗಿಗಳ ಶ್ರೇಣಿಯ ನಿಯಮವು ಪ್ರತಿಯೊಬ್ಬ ಒಡೆಯ ಬಡಗಿಯೂ ತನ್ನ ಹೆಸರಿನ ಕಬ್ಬಿಣದ ಅಚ್ಚನ್ನು ಕೆಲಸದ ಮೇಲೆ ಒತ್ತಲೇಬೇಕೆಂದು ವಿಧಿಸಿತು. ತಿಲ್ಯಾರ್, ಫೋಲಿಯೋ, ದೆಲನ್ವಾ, ಬೂಲಾರ್, ಸೆನೆ, ಜಾಕೋಬ್ ಎಂಬ ಹೆಸರುಗಳನ್ನು ಇಂದು ಲೋಕವು ಬಲ್ಲುದು ಈ ಅಚ್ಚಿನಿಂದ, ಆ ದಿನಚರಿಯಿಂದ. ವರ್ಸಾಯಿಯ ಗುರುತು ಒಂದರೊಳಗೊಂದು ಹೆಣೆದ ಎರಡು ‘ವಿ’ ಅಕ್ಷರ, ಮೇಲೊಂದು ಕಿರೀಟ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಪಿಯೇರ್ ವೆರ್ಲೆ ಎಂಬ ವಿದ್ವಾಂಸನು ಈ ದಿನಚರಿಗಳನ್ನು ಕೈಯಲ್ಲಿ ಹಿಡಿದು, ಲೋಕದ ನಾನಾ ಸಂಗ್ರಹಗಳಲ್ಲಿ ಅನಾಥವಾಗಿ ಬಿದ್ದಿದ್ದ ಕುರ್ಚಿಗಳ ಅಳತೆಯನ್ನು ಬರೆಹದ ಅಳತೆಯೊಡನೆ ತಾಳೆನೋಡಿ, ಒಂದೊಂದಕ್ಕೂ ಅದರ ಮನೆಯನ್ನು ಮರಳಿ ಹೇಳಿಕೊಟ್ಟನು. ತಪ್ಪಿಸಿಕೊಂಡ ಮಕ್ಕಳನ್ನು ತಾಯಂದಿರ ಬಳಿಗೆ ಕರೆದೊಯ್ದ ಪುಣ್ಯ ಅದು.

ನಮ್ಮಲ್ಲಿ ಏಕೆ ಹೀಗಾಗಲಿಲ್ಲ? ಮರಕ್ಕೂ ಕೈಗೂ ಇಲ್ಲಿ ಬಡತನವಿರಲಿಲ್ಲ. ಹಾನಗಲ್ಲು ಮಲೆನಾಡಿನ ಸೆರಗಿನಲ್ಲಿದೆ, ಸಾಗವಾನಿ, ಹೊನ್ನೆ, ಮತ್ತಿಗಳು ಗಾಡಿಯ ದಾರಿಯಷ್ಟು ಹತ್ತಿರ. ಕಾರಣವು ಬೇರೆ. ನಮ್ಮ ಹಳ್ಳಿಯ ಬಡಗಿಯು ಆಯಗಾರನಾಗಿದ್ದನು. ನೇಗಿಲು, ಕೂರಿಗೆ, ಬಂಡಿಯ ಗಾಲಿ, ಮನೆಯ ಬಾಗಿಲು, ತೊಟ್ಟಿಲು, ಎಲ್ಲವನ್ನೂ ವರ್ಷವಿಡೀ ಮಾಡಿಕೊಟ್ಟು, ಸುಗ್ಗಿಯ ಕಣದಲ್ಲಿ ತನ್ನ ಪಾಲಿನ ಕಾಳನ್ನು ಪಡೆಯುತ್ತಿದ್ದನು. ಒಂದು ವಸ್ತುವಿಗೆ ಒಂದು ಬೆಲೆಯೆಂಬುದಿಲ್ಲದಲ್ಲಿ ಲೆಕ್ಕಪಟ್ಟಿಯಿಲ್ಲ, ಲೆಕ್ಕಪಟ್ಟಿಯಿಲ್ಲದಲ್ಲಿ ಹೆಸರಿಲ್ಲ. ಊರಿಗೆಲ್ಲ ಅವನು ಯಾರೆಂದು ಗೊತ್ತಿದ್ದಾಗ ಮರದ ಮೇಲೆ ಹೆಸರು ಬರೆಯುವ ಅಗತ್ಯವಾದರೂ ಏನಿದ್ದಿತು? ಊರು ಬದಲಾಗಿ, ವಾಡೆಗಳು ಹಂಚಿಹೋಗಿ, ನೆನಪಿದ್ದವರು ತೀರಿಕೊಂಡ ಮೇಲೆ ಅದರ ಅಗತ್ಯ ಕಂಡಿತು.

ಆದರೆ ಹೆಸರು ಬರೆಯುವುದು ನಮಗೆ ಪರಕೀಯವಾದ ಅಭ್ಯಾಸವೆಂದು ಯಾರೂ ತಿಳಿಯಬಾರದು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಮದನಿಕೆಯರ ಪಾದದ ಕೆಳಗೆ ತಮ್ಮ ಹೆಸರನ್ನು ಕೆತ್ತಿ ಹೋದವರಲ್ಲಿ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ಇರುವರು. ಪ್ಯಾರಿಸ್ಸಿನ ಶ್ರೇಣಿಯು ಅಚ್ಚಿನ ನಿಯಮವನ್ನು ಮಾಡುವುದಕ್ಕೆ ಆರುನೂರು ವರ್ಷಗಳ ಮೊದಲೇ, ಹಿರೇಕೆರೂರಿನ ನೆರೆಯ ಊರಿನಿಂದ ಹೊರಟ ತಂದೆ ಮಕ್ಕಳಿಬ್ಬರು, ಯಾವ ಕಟ್ಟಳೆಯ ಒತ್ತಾಯವೂ ಇಲ್ಲದೆ, ತಮ್ಮ ಕೆಲಸದ ಅಡಿಯಲ್ಲಿ ತಮ್ಮ ಹೆಸರನ್ನೂ ಊರನ್ನೂ ಬರೆದರು. ಕಲ್ಲಿನಲ್ಲಿ ಇದ್ದ ಅಭ್ಯಾಸವು ಮರಕ್ಕೆ ಇಳಿದು ಬರಲಿಲ್ಲವೆಂಬುದೇ ನನ್ನ ಕೊರಗು.

ಸವಣೂರಿನ ಕಥೆಯನ್ನು ಮುಂದುವರಿಸುವೆನು. 1779ರಲ್ಲಿ ಮೈಸೂರಿನ ಹೈದರ್ ಅಲಿಯ ಮನೆಗೂ ಸವಣೂರಿನ ಮನೆಗೂ ಕೊಟ್ಟು ತಂದ ಸಂಬಂಧವಾಯಿತು: ನವಾಬನ ಹಿರಿಯ ಮಗನು ಹೈದರನ ಮಗಳನ್ನೂ, ಹೈದರನ ಎರಡನೆಯ ಮಗ ಕರೀಮನು ನವಾಬನ ಮಗಳನ್ನೂ ಕೈಹಿಡಿದರು. ಬೀಗತನ ಬಹುಕಾಲ ನಿಲ್ಲಲಿಲ್ಲ. 1786ರಲ್ಲಿ ಹೈದರನ ಹಿರಿಯ ಮಗ ಟಿಪ್ಪುವಿನ ಸೇನೆಯು ಸವಣೂರನ್ನು ಹೊಕ್ಕಾಗ ವೃದ್ಧನಾದ ನವಾಬನು ಮರಾಠರ ಪಾಳೆಯದಲ್ಲಿ ಆಶ್ರಯ ಪಡೆದಿದ್ದನು. ಅದಾದ ಎರಡು ವರ್ಷಗಳಿಗೆ, 1788ರ ಆಗಸ್ಟ್ 10ರಂದು, ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸಾಯಿಯ ಹರ್ಕ್ಯುಲಿಸನ ಸಭಾಂಗಣದಲ್ಲಿ ಹದಿನಾರನೆಯ ಲೂಯಿಯ ಸಿಂಹಾಸನದ ಮುಂದೆ ನಿಂತರು. ಸೇನೆಯ ನೆರವನ್ನು ಕೇಳಲು ಹೋದ ಅವರು ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯದ ವಿಷಯದಲ್ಲಿ ಹಿಂದೆಗೆದ ದೊರೆಯು ಕುಶಲಿಗಳನ್ನು ಕಳಿಸಲು ಒಪ್ಪಿದನು, ಸೆವ್ರ್ ಕಾರ್ಖಾನೆಯ ಪಿಂಗಾಣಿಯನ್ನು ಉಡುಗೊರೆಯಾಗಿ ಕೊಟ್ಟನು. ಅದೇ 1788ರಲ್ಲಿ ಸೆನೆ ಎಂಬ ಬಡಗಿಯು ರಾಣಿ ಮಾರಿ ಆಂತ್ವಾನೆತ್ತಳ ಸೇಂಟ್-ಕ್ಲೂ ಅರಮನೆಯ ಅಲಂಕಾರದ ಕೋಣೆಗೆ ಆಸನಗಳ ಒಂದು ಸಮೂಹವನ್ನು ಮಾಡಿದನು; ಬಂಗಾರದ ಕೆಲಸ ಶಾತಾರ್ ಎಂಬವನದು. ಅವುಗಳಲ್ಲಿ ಕೆಲವು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿವೆ. ಮಾಡಿದವನ ಹೆಸರು, ಬಂಗಾರ ಹಚ್ಚಿದವನ ಹೆಸರು, ಕೋಣೆಯ ಹೆಸರು, ವರ್ಷ, ಎಲ್ಲವೂ ಉಳಿದುವು. ಕುಳಿತವಳ ತಲೆ ಉಳಿಯಲಿಲ್ಲ.

ಕ್ರಾಂತಿಯು ಬಂದು ಅರಸನ ವಧೆಯಾದ ಮೇಲೆ, 1793ರ ಆಗಸ್ಟ್ 25ರಿಂದ ಮುಂದಿನ ವರ್ಷದ ಆಗಸ್ಟ್ 11ರವರೆಗೆ, ವರ್ಸಾಯಿಯ ಸಾಮಗ್ರಿಗಳ ಹರಾಜು ನಡೆಯಿತು: 17,182 ಪಾಲುಗಳು. ಕಿರೀಟವೂ ಕುಮುದದ ಲಾಂಛನವೂ ಇದ್ದಲ್ಲೆಲ್ಲ ಉಳಿಯಿಂದ ಕೆತ್ತಿ ತೆಗೆದರು. ಫ್ರೆಂಚ್ ರಾಜರು ತಮ್ಮ ಆಸನಗಳಿಗೆ ಮೊದಲೂ ಕೊಡಲಿ ಹಾಕಿದ್ದವರೇ. ಹದಿನಾಲ್ಕನೆಯ ಲೂಯಿಯು ಜಿನೋವಾದ ಮುಖ್ಯಾಧಿಕಾರಿಯನ್ನೂ ಸಯಾಮಿನ ರಾಯಭಾರಿಗಳನ್ನೂ ಬರಮಾಡಿಕೊಂಡಿದ್ದ ಬೆಳ್ಳಿಯ ಸಿಂಹಾಸನವನ್ನು 1689ರಲ್ಲಿ ಯುದ್ಧದ ವೆಚ್ಚಕ್ಕಾಗಿ ಕುಲುಮೆಗೆ ಹಾಕಿಸಿದ್ದನು.

ಇನ್ನು ಶ್ರೀರಂಗಪಟ್ಟಣ. ಟಿಪ್ಪುವಿನ ಸಿಂಹಾಸನವು ಎಂಟು ಮೂಲೆಯ ಪೀಠ. ಮರದ ಮೈಗೆ ಬಂಗಾರದ ತಗಡು. ಕೆಳಗೆ ನಿಜವಾದ ಹುಲಿಯಷ್ಟು ದೊಡ್ಡದಾದ ಹೊನ್ನಿನ ಹುಲಿಯ ಮುಖ, ಸ್ಫಟಿಕದ ಕಣ್ಣು ಹಲ್ಲುಗಳು. ಸುತ್ತ ಕಟಾಂಜನದ ಮೇಲೆ ರತ್ನಖಚಿತವಾದ ಚಿಕ್ಕ ಹುಲಿಮುಖಗಳು. ಮೇಲೆ ಚಪ್ಪರದ ತುದಿಯಲ್ಲಿ ಹುಮಾ ಎಂಬ ರತ್ನದ ಹಕ್ಕಿ. ಇಂಗ್ಲಿಷರನ್ನು ಗೆಲ್ಲುವವರೆಗೆ ಅದನ್ನು ಏರಲಾರೆನೆಂದು ಅವನು ಶಪಥ ಮಾಡಿದ್ದನೆಂದೂ, ಏರದೆಯೇ ಮಡಿದನೆಂದೂ ಪ್ರತೀತಿಯಿದೆ. 1799ರ ಮೇ 4ರಂದು ಕೋಟೆ ಬಿದ್ದಿತು. ಕೊಳ್ಳೆಯ ಪಾಲನ್ನು ಸೈನಿಕರಿಗೆ ಹಂಚುವ ಅಧಿಕಾರಿಗಳು ಆ ಸಿಂಹಾಸನವನ್ನು ಅವಸರದಿಂದ ತುಂಡು ತುಂಡು ಮಾಡಿಬಿಟ್ಟರು; ಗವರ್ನರ್ ಜನರಲ್ ವೆಲ್ಲೆಸ್ಲಿಯು ಅದನ್ನು ಇಡಿಯಾಗಿ ತನ್ನ ದೊರೆಗೆ ಕಳಿಸಬೇಕೆಂದಿದ್ದವನು, ಸುದ್ದಿ ತಿಳಿದು ಮರುಗಿದನು. ಹುಲಿಯ ದೊಡ್ಡ ಮುಖವೂ ಹುಮಾ ಹಕ್ಕಿಯೂ ಇಂದು ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿವೆ. ಚಿಕ್ಕ ಹುಲಿಮುಖಗಳಲ್ಲಿ ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಇನ್ನೊಂದು 2009ರಲ್ಲಿ ಲಂಡನ್ನಿನ ಹರಾಜಿನಲ್ಲಿ 3,89,600 ಪೌಂಡುಗಳಿಗೆ ಮಾರಾಟವಾಯಿತು. ಮತ್ತೊಂದು ದೇಶದ ಹೊರಗೆ ಹೋಗದಂತೆ 2021ರಲ್ಲಿ ಬ್ರಿಟಿಷ್ ಸರಕಾರವು ತಾತ್ಕಾಲಿಕ ತಡೆಯೊಡ್ಡಿದಾಗ ಅದಕ್ಕೆ ಕಟ್ಟಿದ ಬೆಲೆ 15 ಲಕ್ಷ ಪೌಂಡು. ಆ ಹುಲಿಯ ಮೀಸೆಯ ಒಂದೊಂದು ಗೆರೆಯನ್ನು ತಗಡಿನಲ್ಲಿ ಎಬ್ಬಿಸಿದ ಅಕ್ಕಸಾಲಿಯ ಹೆಸರನ್ನು ಯಾವ ಹರಾಜಿನ ಪಟ್ಟಿಯೂ ಹೇಳಲಾರದು. ಕೊಂಡವರ ವಂಶಾವಳಿಯು ಪುಟಗಟ್ಟಲೆ ಇರುತ್ತದೆ; ಅದರ ಆರಂಭವೋ ಒಬ್ಬ ಸಿಪಾಯಿಯ ಕೊಡಲಿಯಿಂದ.

ಅದೇ ದಿನಗಳಲ್ಲಿ ಮತ್ತೊಂದು ಸಿಂಹಾಸನವು ಮರುಹುಟ್ಟು ಪಡೆಯಿತು. ಅತ್ತಿಯ ಮರದ ಮೇಲೆ ದಂತವನ್ನು ಹೊದಿಸಿದ ಮೈಸೂರೊಡೆಯರ ಹಳೆಯ ಸಿಂಹಾಸನವು ಬೇಡದ ಸಾಮಾನುಗಳ ಕೋಣೆಯೊಂದರಲ್ಲಿ ಸಿಕ್ಕಿತೆಂದೂ, 1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅದರ ಮೇಲೆಯೇ ಕೂರಿಸಲಾಯಿತೆಂದೂ ಲೂಯಿಸ್ ರೈಸನ ಗೆಜೆಟಿಯರು ತಿಳಿಸುತ್ತದೆ. ಅದರ ಮೂಲವನ್ನು ಕುರಿತು ಎರಡು ಕಥೆಗಳಿವೆ. ಪಾಂಡವರದಾಗಿದ್ದು, ಪೆನುಗೊಂಡೆಯಲ್ಲಿ ಹೂತುಹೋಗಿದ್ದು, ವಿಜಯನಗರದ ಹರಿಹರನಿಗೆ ದೊರೆತು, ಅಲ್ಲಿಂದ ಮೈಸೂರಿಗೆ ಬಂದಿತೆಂಬುದು ಒಂದು. ಚಿಕ್ಕದೇವರಾಜನ ರಾಯಭಾರಿಗಳ ಮೂಲಕ ಔರಂಗಜೇಬನು ಕಳಿಸಿದ ಕಾಣಿಕೆಯೆಂಬುದು ಇನ್ನೊಂದು. ಬರೆಹವಿಲ್ಲದ ಕಡೆ ಕಥೆಯು ಹೀಗೆ ಬಳ್ಳಿಯಂತೆ ಹಬ್ಬುತ್ತದೆ. ಕಥೆಯನ್ನು ನಾನು ಅಲ್ಲಗಳೆಯುವವನಲ್ಲ. ಜನರು ಒಂದು ಆಸನವನ್ನು ಎಷ್ಟು ಎತ್ತರದಲ್ಲಿ ಇಟ್ಟಿದ್ದರೆಂಬುದಕ್ಕೆ ಅದೊಂದು ಅಳತೆ. ಆದರೆ ಅತ್ತಿಯ ಮರವನ್ನು ಕಡಿದ ಕೈಯನ್ನು ಅದು ತೋರಿಸಲಾರದು.

ಬರೆಹವಿದ್ದ ಮಾತ್ರಕ್ಕೆ ಸತ್ಯವು ಕೈವಶವಾಯಿತೆಂದೂ ಇಲ್ಲ. 2008ರಿಂದ ಕೆಲವು ವರ್ಷಗಳವರೆಗೆ ವರ್ಸಾಯಿಯ ಅರಮನೆಯೇ ತನ್ನ ಹಳೆಯ ಆಸನಗಳೆಂದು ನಂಬಿ ಕೊಂಡುಕೊಂಡ ಕೆಲವು ಕುರ್ಚಿಗಳು ಕೃತ್ರಿಮವೆಂಬುದು ಹೊರಬಿದ್ದಿತು. ಆ ವಿದ್ಯೆಯ ಪಾರಂಗತನಾದ ಒಬ್ಬ ವಿದ್ವಾಂಸನಿಗೂ ಒಬ್ಬ ನಿಪುಣ ಮರಗೆಲಸಗಾರನಿಗೂ 2025ರಲ್ಲಿ ಫ್ರೆಂಚ್ ನ್ಯಾಯಾಲಯವು ಶಿಕ್ಷೆ ವಿಧಿಸಿತು. ದಾಖಲೆಯಲ್ಲಿದ್ದು ಲೋಕದಲ್ಲಿ ಕಾಣದ ಆಸನಗಳನ್ನು ಅವರು ಹಳೆಯ ಮರದಿಂದ ಸೃಷ್ಟಿಸಿ, ಅಡಿಯಲ್ಲಿ ಹಳೆಯ ಗುರುತುಗಳನ್ನೇ ಮೂಡಿಸಿದ್ದರು. ಈ ಸುದ್ದಿಯನ್ನು ಓದಿದಾಗ ನನಗೆ ಕೋಪಕ್ಕಿಂತ ವ್ಯಥೆಯೇ ಹೆಚ್ಚಾಯಿತು. ಇನ್ನೂರೈವತ್ತು ವರ್ಷಗಳ ಹಿಂದಿನ ಕೈಯಷ್ಟೇ ಸಮರ್ಥವಾದ ಕೈಯೊಂದು ಇಂದೂ ಬದುಕಿದ್ದು, ತನ್ನ ಹೆಸರನ್ನು ಒತ್ತಬೇಕಾದ ಸ್ಥಳದಲ್ಲಿ ಸತ್ತವನ ಹೆಸರನ್ನು ಒತ್ತಿತಲ್ಲ!

ಸವಣೂರು ಸಂಸ್ಥಾನವು 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಎಪ್ಪತ್ತು ಚದರ ಮೈಲಿಯ ಆ ಸಣ್ಣ ರಾಜ್ಯದ ನೆನಪು ಇಂದು ಕೋಟೆಯ ಅಳಿದುಳಿದ ಗೋಡೆಗಳಲ್ಲಿಯೂ, ಸತ್ಯಬೋಧರ ಮಠದಲ್ಲಿಯೂ, ಊರವರು ದೊಡ್ಡಹುಣಸೆಯೆಂದು ಕರೆಯುವ ಆ ಮಹಾವೃಕ್ಷಗಳಲ್ಲಿಯೂ, ವೀಳ್ಯದೆಲೆಯ ತೋಟಗಳಲ್ಲಿಯೂ ಹಂಚಿಕೊಂಡಿದೆ. ಇವಕ್ಕೆಲ್ಲ ಒಂದಲ್ಲ ಒಂದು ಕಡೆ ಬರೆಹವಿದೆ. ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರುಗಳ ವಾಡೆಗಳೊಳಗೆ, ದೇಸಾಯರ ಪಡಸಾಲೆಗಳಲ್ಲಿ, ಮಠಗಳ ಅಟ್ಟಗಳ ಮೇಲೆ ಇರುವ ಕುರ್ಚಿ, ಮಂಚ, ತೂಗುಮಣೆ, ಪಲ್ಲಕ್ಕಿಗಳಿಗೆ ಮಾತ್ರ ಇಲ್ಲ. ಮನೆ ಪಾಲಾದಾಗ ಅವು ಹುಬ್ಬಳ್ಳಿಯ ಹಳೆಯ ಸಾಮಾನಿನ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತವೆ. ಅಲ್ಲಿಂದ ಬೆಂಗಳೂರಿನ ಹೋಟೆಲೊಂದರ ಅಂಗಳಕ್ಕೆ. ಆಗ ಅವುಗಳ ಊರು ಕೇಳಿದರೆ ‘ಚೆಟ್ಟಿನಾಡು’ ಎನ್ನುತ್ತಾರೆ, ಆ ಹೆಸರಿಗೆ ಹೆಚ್ಚು ಬೆಲೆಯಿರುವುದರಿಂದ. ಇದನ್ನು ತಡೆಯಲು ವಿಂಡ್ಸರಿನ ಕೋಟೆಯೂ ಬೇಡ, ಕೊಲ್ಬೇರನ ಇಲಾಖೆಯೂ ಬೇಡ. ಒಂದು ಶಾಲೆಯ ಹುಡುಗರು ರಜೆಯ ದಿನಗಳಲ್ಲಿ ತಮ್ಮ ತಮ್ಮ ಓಣಿಯ ಹಳೆಯ ಆಸನಗಳನ್ನು ಬೋರಲು ಹಾಕಿ, ಅಳತೆ ತೆಗೆದು, ಯಾವ ಮರ, ಯಾರ ಮನೆ, ಯಾರು ಮಾಡಿದರೆಂದು ಮನೆಯ ಹಿರಿಯರು ಹೇಳುತ್ತಾರೋ ಅದನ್ನು ಹಾಗೆಯೇ ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು. ಹೇಳಬಲ್ಲ ಹಿರಿಯರು ಇನ್ನು ಹತ್ತು ವರ್ಷ ಇರಲಾರರು.

ಕುರ್ಚಿಯ ದುರಸ್ತಿ ಮುಗಿಯಿತೆಂದು ತಿಳಿದು ಮತ್ತೊಂದು ದಿನ ಹಾನಗಲ್ಲಿಗೆ ಹೋದೆನು. ಹೊಸ ಬೆತ್ತದ ಹೆಣಿಗೆ ಇನ್ನೂ ಹಸಿಯಾಗಿ ಬೆಳ್ಳಗೆ ಹೊಳೆಯುತ್ತಿದ್ದಿತು. ಸಡಿಲವಾಗಿದ್ದ ಕಾಲಿಗೆ ಹೊಸ ಗೂಟ ಬಿದ್ದಿದ್ದಿತು. ನಾನು ಸಂಕೋಚದಿಂದಲೇ ಕೇಳಿದೆನು: “ಅಜ್ಜಾರ, ಕೆಳಗ ಒಂದು ಹೆಸರು ಬರೀರಿ.”

ಅವರು ಕನ್ನಡಕವನ್ನು ಹಣೆಗೆ ಏರಿಸಿ ನನ್ನನ್ನು ನೋಡಿದರು. “ಯಾರ ಹೆಸರ ಬರೀಲ್ರೀ? ಕೂಡವ್ರದೋ, ಮಾಡಿದವಂದೋ, ರಿಪೇರಿ ಮಾಡಿದವಂದೋ?”

ಮಾಡಿದವನು ಯಾರೆಂದು ಅವರಿಗೆ ಗೊತ್ತೇ ಎಂದು ಕೇಳಿದೆನು. ಎರಡು ಗೆರೆಯ ಮೇಲೆ ಹೆಬ್ಬೆರಳನ್ನು ಆಡಿಸುತ್ತ ಅವರು ಬಹಳ ಹೊತ್ತು ಸುಮ್ಮನಿದ್ದರು. ಉಳಿಯನ್ನು ಹೀಗೆ ಎಡಕ್ಕೆ ವಾಲಿಸಿ ಗೀರುವವರು ತಮ್ಮ ಮುತ್ತ್ಯಾನ ಕಾಲದಲ್ಲಿ ಹಿರೇಕೆರೂರಿನ ಕಡೆಯಿಂದ ಬಂದಿದ್ದ ಒಂದು ಮನೆತನದವರೆಂದೂ, ಅವರಲ್ಲಿ ಎಡಗೈಯವನೊಬ್ಬನಿದ್ದನೆಂದೂ, ಹೆಸರು ಮಾತ್ರ ತಮ್ಮ ತಂದೆಯೊಡನೆ ಹೋಯಿತೆಂದೂ ಹೇಳಿದರು. ಆಮೇಲೆ ಕಾಲ ನಡುವೆ ಕುರ್ಚಿಯನ್ನು ಬೋರಲು ಇಟ್ಟುಕೊಂಡು, ಸಣ್ಣ ಉಳಿಯನ್ನು ಆರಿಸಿ, ಕೊಡತಿಯಿಂದ ಮೆಲ್ಲಗೆ ತಟ್ಟುತ್ತ, ಹಳೆಯ ಎರಡು ಗೆರೆಗಳ ಪಕ್ಕದಲ್ಲಿ ಮೊದಲು ‘ಹಿರೇಕೆರೂರು’ ಎಂದೂ, ಅದರ ಕೆಳಗೆ ‘ಹಾನಗಲ್ಲು’ ಎಂದೂ, ಮತ್ತು ಈ ವರ್ಷದ ಸಂಖ್ಯೆಯನ್ನೂ ಕೆತ್ತಿದರು. ಪುಡಿಯನ್ನು ಊದಿ, ಅಕ್ಷರಗಳಿಗೆ ಒಂದು ಹನಿ ಎಣ್ಣೆ ಸವರಿ, ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದರು.